ಸೂಜಿಗೆ ಮೊದಲು ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ದೇಹದ ಗೊತ್ತಾದ ಬಿಂದುಗಳಿಗೆ ಸೂಜಿ ಚುಚ್ಚುವ ಚೀನೀ ಪರಂಪರೆಯ ಚಿಕಿತ್ಸೆ ಅಕ್ಯುಪಂಕ್ಚರ್. ಈ ಹೆಸರು ಕಿವಿಗೆ ಬಿದ್ದ ಕೂಡಲೇ ಹೆಚ್ಚಿನವರ ಮನಸ್ಸಿಗೆ ಬರುವುದು ಸೂಜಿ. ಸೂಜಿ ಎಂದೊಡನೆ ನೆನಪಾಗುವುದು ಬಾಲ್ಯದಲ್ಲಿ ಅಳುತ್ತಾ ಚುಚ್ಚಿಸಿಕೊಂಡ ಇಂಜೆಕ್ಷನ್. ಆದರೆ ಇವೆರಡೂ ಒಂದೇ ಜಾತಿಯವಲ್ಲ. ಇಂಜೆಕ್ಷನ್ ಸೂಜಿಯು ಔಷಧವನ್ನು ಒಳಕ್ಕೆ ಸಾಗಿಸಬೇಕಾದ್ದರಿಂದ ಅದರ ನಡುವೆ ಟೊಳ್ಳಿರುತ್ತದೆ, ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ, ಅದು ಚರ್ಮವನ್ನು ಕೊಯ್ದುಕೊಂಡೇ ಒಳಹೋಗುತ್ತದೆ. ಅಕ್ಯುಪಂಕ್ಚರ್ ಸೂಜಿಯು ಟೊಳ್ಳಿಲ್ಲದ, ಬಳುಕುವ ಉಕ್ಕಿನ ಎಳೆ. ಅದರ ದಪ್ಪ ಸಾಮಾನ್ಯವಾಗಿ 0.25 ಮಿಲಿಮೀಟರ್ ಆಸುಪಾಸಿನದು. ಅದು ಚರ್ಮವನ್ನು ದಾಟಿದ್ದು ಎಷ್ಟೋ ರೋಗಿಗಳಿಗೆ ತಿಳಿಯುವುದೇ ಇಲ್ಲ. ಸೂಜಿಯ ಭಯಕ್ಕೆ ಇಷ್ಟು ಸಮಾಧಾನ ಸಾಕು. ಮೊದಲ ಸಲ ಹೋಗುವವರು ನಿಜವಾಗಿ ಗಮನ ಕೊಡಬೇಕಾದದ್ದು ಸೂಜಿಗೆ ಮುಂಚೆ ನಡೆಯುವ ಮಾತುಕತೆಗೆ.

ಆ ಮಾತುಕತೆಗೆ ಕುಳಿತುಕೊಳ್ಳುವ ಮೊದಲು ನಮ್ಮ ನೋವಿಗೆ ಕಾರಣವೇನೆಂಬುದು ವೈದ್ಯರ ಪರೀಕ್ಷೆಯಿಂದ ಗೊತ್ತಾಗಿರಬೇಕು. ನೋವು ಕಡಿಮೆಯಾದ ಮಾತ್ರಕ್ಕೆ ನೋವಿನ ಮೂಲ ಹೋಯಿತೆಂದು ಹೇಳಲು ಬರುವುದಿಲ್ಲ. ಒಮ್ಮೊಮ್ಮೆ ಉಪಶಮನವೇ ಮೂಲವನ್ನು ಮರೆಮಾಚಿ, ಪತ್ತೆ ತಡವಾಗುವಂತೆ ಮಾಡುತ್ತದೆ. ಹಠಾತ್ತಾಗಿ ಬಂದ ಎದೆನೋವು, ಹಿಂದೆಂದೂ ಅನುಭವಿಸದಷ್ಟು ತೀವ್ರವಾದ ತಲೆನೋವು, ಬೆನ್ನುನೋವಿನ ಜೊತೆಗೆ ಮೂತ್ರದ ಹಿಡಿತ ತಪ್ಪುವುದು, ಇವೆಲ್ಲ ತುರ್ತು ಚಿಕಿತ್ಸೆಯ ಬಾಗಿಲಿಗೆ ಹೋಗಬೇಕಾದವು.

ಈ ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದು ಎಂಬ ಪ್ರಶ್ನೆಗೆ ಉತ್ಸಾಹಿಗಳು ಕೊಡುವ ಉತ್ತರ ಒಂದು, ಸಂದೇಹಿಗಳು ಕೊಡುವುದು ಇನ್ನೊಂದು. 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರಿಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ಸೂಜಿ ಚುಚ್ಚಿಯೇ ಅರಿವಳಿಕೆ ಕೊಟ್ಟರೆಂಬ ಕಥೆ ಈಗಲೂ ಓಡಾಡುತ್ತಿದೆ. ವಾಸ್ತವವಾಗಿ ಅರಿವಳಿಕೆಗೆ ಬಳಸಿದ್ದು ಎಂದಿನ ಔಷಧವನ್ನೇ, ಸೂಜಿ ಬಂದದ್ದು ಆಮೇಲೆ ಕಾಣಿಸಿಕೊಂಡ ಹೊಟ್ಟೆಯ ಕಿರಿಕಿರಿಗೆ. ಇಂತಹ ಕಥೆಗಳನ್ನು ಬದಿಗಿಟ್ಟು ಅಧ್ಯಯನಗಳತ್ತ ನೋಡುವುದು ಮೇಲು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಭೆಯು, ಶಸ್ತ್ರಚಿಕಿತ್ಸೆ ಹಾಗೂ ಕಿಮೊಥೆರಪಿಯ ನಂತರದ ವಾಕರಿಕೆಗೆ ಮತ್ತು ಹಲ್ಲಿನ ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಇದರಿಂದ ಪ್ರಯೋಜನ ಕಂಡುಬಂದಿದೆ ಎಂದಿತು. 2012ರಲ್ಲಿ 29 ಪ್ರಯೋಗಗಳ ಸುಮಾರು 18,000 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ದೀರ್ಘಕಾಲದ ಬೆನ್ನುನೋವು, ಮಂಡಿನೋವು, ತಲೆನೋವುಗಳಲ್ಲಿ ಸೂಜಿ ಚಿಕಿತ್ಸೆ ಪಡೆದವರು ಪಡೆಯದವರಿಗಿಂತ ಹೆಚ್ಚು ಉಪಶಮನ ಕಂಡಿದ್ದರು. ಆದರೆ ತೋರಿಕೆಗಷ್ಟೇ ಸೂಜಿ ಚುಚ್ಚಿಸಿಕೊಂಡವರಿಗೆ ಹೋಲಿಸಿದರೆ ಆ ಅಂತರ ಚಿಕ್ಕದಾಗಿತ್ತು. ಆ ಚಿಕ್ಕ ಅಂತರವನ್ನು ಹಿಡಿದು ತಜ್ಞರ ವಾದ ಇನ್ನೂ ನಡೆದಿದೆ. ಚೀನೀ ಪರಂಪರೆಯು ದೇಹದಲ್ಲಿ ‘ಚಿ’ ಎಂಬ ಶಕ್ತಿ ಹರಿಯುವ ಮಾರ್ಗಗಳನ್ನೂ ಅವುಗಳ ಮೇಲೆ 361 ಬಿಂದುಗಳನ್ನೂ ಹೇಳುತ್ತದೆ; ಆ ಮಾರ್ಗಗಳು ಅಂಗರಚನಾಶಾಸ್ತ್ರಕ್ಕೆ ಸಿಕ್ಕಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ನೋವಿನ ಉಪಶಮನಕ್ಕೆಂದು ಹೋಗುವವರು ಸಮಂಜಸವಾದ ನಿರೀಕ್ಷೆಯಿಂದಲೇ ಹೋಗುತ್ತಾರೆ. ಸಕ್ಕರೆ ಕಾಯಿಲೆಯನ್ನೋ ಕ್ಯಾನ್ಸರನ್ನೋ ಸೂಜಿಯೊಂದರಿಂದಲೇ ವಾಸಿಮಾಡುತ್ತೇನೆ, ಮಾತ್ರೆಗಳನ್ನು ಬಿಟ್ಟುಬಿಡಿ ಎನ್ನುವವರು ಸಿಕ್ಕರೆ ಎದ್ದು ಬರುವುದೇ ಸರಿ.

ಇನ್ನು ನಾವು ಹೇಳಬೇಕಾದ ಸಂಗತಿಗಳು. ಇಲ್ಲಿ ಸಂಕೋಚಕ್ಕೆ ಜಾಗವಿಲ್ಲ. ರಕ್ತವನ್ನು ತೆಳುವಾಗಿಡುವ ವಾರ್ಫರಿನ್‌ನಂತಹ ಔಷಧ ಸೇವಿಸುತ್ತಿದ್ದರೆ, ಇಲ್ಲವೇ ರಕ್ತ ಬೇಗ ಹೆಪ್ಪುಗಟ್ಟದ ತೊಂದರೆಯಿದ್ದರೆ, ಅದನ್ನು ತಿಳಿದ ಚಿಕಿತ್ಸಕರು ಆಳವಾಗಿ ಚುಚ್ಚಬೇಕಾದ ಜಾಗಗಳನ್ನು ಬಿಡುತ್ತಾರೆ. ಗರ್ಭಿಣಿಯರು, ಗರ್ಭದ ಅನುಮಾನವಷ್ಟೇ ಇರುವವರೂ, ಮೊದಲೇ ಹೇಳಬೇಕು. ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಿನ ಬಿಂದು, ಕಣಕಾಲಿನ ಒಳಮಗ್ಗುಲ ಮೇಲಿರುವ ಬಿಂದು ಮೊದಲಾದವನ್ನು ಗರ್ಭಾವಸ್ಥೆಯಲ್ಲಿ ಮುಟ್ಟಬಾರದೆಂಬ ನಿಯಮ ಪರಂಪರೆಯಲ್ಲೇ ಇದೆ. ಸೂಜಿಗಳಿಗೆ ಸಣ್ಣ ಪ್ರಮಾಣದ ವಿದ್ಯುತ್ತನ್ನು ಹಾಯಿಸುವ ವಿಧಾನವೊಂದಿದ್ದು, ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರಿಗೆ ಅದು ಅಪಾಯಕಾರಿ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳ ಗ್ರಂಥಿಗಳನ್ನು ತೆಗೆಸಿಕೊಂಡವರು ಆ ಮಗ್ಗುಲ ತೋಳಿಗೆ ಸೂಜಿ ಬೇಡವೆನ್ನಬೇಕು. ಕೃತಕ ಹೃದಯ ಕವಾಟ, ಅಪಸ್ಮಾರ, ಲೋಹದ ಅಲರ್ಜಿ, ಹಿಂದೆ ರಕ್ತ ಪರೀಕ್ಷೆಯ ವೇಳೆ ಬವಳಿ ಬಂದು ಬಿದ್ದದ್ದು, ಯಾವುದನ್ನೂ ಸಣ್ಣದೆಂದು ಬಿಡಬಾರದು. ಸಕ್ಕರೆ ಕಾಯಿಲೆಯಿಂದ ಪಾದಗಳು ಜೋಮು ಹಿಡಿದಂತಿರುವವರು ಅದನ್ನು ಒತ್ತಿ ಹೇಳುವುದು ಒಳ್ಳೆಯದು. ಮಾಚಿಪತ್ರೆಯ ಜಾತಿಯ ಗಿಡದ ಒಣಗಿದ ಎಲೆಯನ್ನು ಉರಿಸಿ ಬಿಂದುಗಳಿಗೆ ಶಾಖ ಕೊಡುವ ಕ್ರಮವೂ ಈ ಪದ್ಧತಿಯಲ್ಲಿದೆ. ಸ್ಪರ್ಶಜ್ಞಾನವಿಲ್ಲದ ಕಾಲಿಗೆ ಶಾಖ ಮಿತಿಮೀರಿದ್ದು ತಿಳಿಯುವ ಹೊತ್ತಿಗೆ ಬೊಬ್ಬೆ ಎದ್ದಿರುತ್ತದೆ.

ಹೇಳುವುದರ ಜೊತೆಗೆ ಕೇಳುವುದೂ ಇದೆ. ತಾವು ಎಲ್ಲಿ ಕಲಿತಿರಿ, ನೋಂದಣಿ ಇದೆಯೇ ಎಂದು ವಿನಯವಾಗಿ ಕೇಳಿದರೆ ಒಳ್ಳೆಯ ಚಿಕಿತ್ಸಕರು ಬೇಸರಪಡುವುದಿಲ್ಲ. ಸೂಜಿಗಳು ಕ್ರಿಮಿಶುದ್ಧವಾಗಿ ಮುದ್ರೆಯಾದ ಪೊಟ್ಟಣದಲ್ಲಿರಬೇಕು, ಅದನ್ನು ನಮ್ಮ ಕಣ್ಣೆದುರಿಗೇ ಬಿಚ್ಚಬೇಕು, ಒಮ್ಮೆ ಬಳಸಿದ ಸೂಜಿ ನೇರವಾಗಿ ಗಟ್ಟಿ ಡಬ್ಬಿಯೊಳಕ್ಕೆ ಬೀಳಬೇಕು. ಸರಿಯಾಗಿ ಶುದ್ಧಿಮಾಡದೆ ಮತ್ತೆ ಬಳಸಿದ ಸೂಜಿಗಳಿಂದ ಹೆಪಟೈಟಿಸ್ ಬಿ ಹರಡಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನಿಮಗಾಗಿಯೇ ತೆಗೆದಿಟ್ಟು ಪ್ರತಿ ಸಲ ಅದೇ ಸೂಜಿ ಬಳಸುತ್ತೇವೆ ಎನ್ನುವುದನ್ನೂ ಒಪ್ಪಿಕೊಳ್ಳಬೇಕಾಗಿಲ್ಲ.

ಹೋಗುವ ದಿನದ ಸಿದ್ಧತೆ ಸರಳವಾದದ್ದು. ಬರಿಹೊಟ್ಟೆಯಲ್ಲೂ ಹೊಟ್ಟೆಬಿರಿಯ ಉಂಡೂ ಹೋಗದೆ, ಒಂದೆರಡು ಗಂಟೆ ಮೊದಲು ಹಗುರವಾಗಿ ತಿಂದಿರಬೇಕು, ಮದ್ಯ ಕೂಡದು. ಮೊಣಕೈ, ಮೊಣಕಾಲುಗಳ ಮೇಲಕ್ಕೆ ಸರಿಸಬಹುದಾದ ಸಡಿಲ ಉಡುಪು ಅನುಕೂಲ. ಸಾಂಪ್ರದಾಯಿಕ ಕ್ರಮದವರು ನಾಡಿಯ ಜೊತೆಗೆ ನಾಲಿಗೆಯನ್ನೂ ನೋಡುತ್ತಾರೆ. ಕಾಫಿಯ ಬಣ್ಣ ಹತ್ತಿದ ಅಥವಾ ಆಗತಾನೇ ಕೆರೆದುಕೊಂಡ ನಾಲಿಗೆ ಅವರ ಲೆಕ್ಕವನ್ನು ತಪ್ಪಿಸುತ್ತದಂತೆ.

ಮೊದಲ ಸಲ ಮಲಗಿಕೊಂಡೇ ಚಿಕಿತ್ಸೆ ಪಡೆಯುವುದು ಲೇಸು, ಏಕೆಂದರೆ ತಲೆಸುತ್ತಿ ಬವಳಿ ಬರುವುದು ಹೆಚ್ಚಾಗಿ ಹೊಸಬರಿಗೆ, ಅದರಲ್ಲೂ ಕುಳಿತಿದ್ದವರಿಗೆ. ಸೂಜಿ ಬಿಂದುವನ್ನು ಮುಟ್ಟಿದಾಗ ಮಂದವಾದ ಸೆಳೆತ, ಭಾರ, ಜುಮ್ಮೆನ್ನುವಿಕೆ ಕಾಣಿಸಬಹುದು. ಚೀನೀ ಭಾಷೆಯಲ್ಲಿ ಇದಕ್ಕೆ ‘ದೆ ಚಿ’ ಎನ್ನುತ್ತಾರೆ, ಚಿಕಿತ್ಸಕರು ಇದನ್ನು ಬಯಸುತ್ತಾರೆ. ಚುರುಕ್ಕೆಂದು ಉರಿದರೆ ಅಥವಾ ಮಿಂಚು ಹೊಡೆದಂತೆ ನೋವು ಓಡಿದರೆ ಸಹಿಸಿಕೊಂಡು ಸುಮ್ಮನಿರದೆ ಆಗಲೇ ಹೇಳಬೇಕು. ಸಾಮಾನ್ಯವಾಗಿ 15ರಿಂದ 30 ನಿಮಿಷ ಸೂಜಿಗಳು ಹಾಗೆಯೇ ಇರುತ್ತವೆ. ಆ ಹೊತ್ತಿನಲ್ಲಿ ಮಗ್ಗುಲು ಬದಲಿಸುವಂತಿಲ್ಲ. ಚಿಕಿತ್ಸಕರು ಪಕ್ಕದ ಕೋಣೆಗೆ ಹೋಗುವವರಾದರೆ ಕರೆಯುವ ಬಗೆ ಹೇಗೆಂದು ಕೇಳಿಟ್ಟುಕೊಳ್ಳಿ. ಕೊನೆಯಲ್ಲಿ ಚುಚ್ಚಿದ ಸೂಜಿಗಳೆಷ್ಟು, ತೆಗೆದವೆಷ್ಟು ಎಂಬ ಲೆಕ್ಕ ತಾಳೆಯಾಗಬೇಕು. ಕೂದಲಿನ ನಡುವೆ ಒಂದು ಉಳಿದುಹೋಗುವುದು ನಗೆಪಾಟಲಿನ ಸಂಗತಿಯಂತೆ ಕಂಡರೂ ನಡೆಯುವಂಥದ್ದೇ.

ಎದ್ದ ಮೇಲೆ ಕೆಲವರಿಗೆ ನಿದ್ದೆಯ ಮಂಪರು ಬರುತ್ತದೆ, ಅದು ಇಳಿಯುವ ತನಕ ವಾಹನ ಓಡಿಸಬಾರದು. ಚುಚ್ಚಿದ ಜಾಗದಲ್ಲಿ ಹನಿ ರಕ್ತ ಒಸರುವುದು, ಒಂದೆರಡು ದಿನ ಚರ್ಮ ನೀಲಿಗಟ್ಟುವುದು ಮಾಮೂಲು. ಎಷ್ಟು ಸಲ ಬರಬೇಕೆಂಬುದನ್ನೂ, ಫಲ ಕಾಣದಿದ್ದರೆ ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಮೊದಲ ದಿನವೇ ಮಾತನಾಡಿಕೊಂಡಿರಬೇಕು. ಬ್ರಿಟನ್ನಿನ ಮಾರ್ಗಸೂಚಿಯು ಔಷಧಗಳು ಒಗ್ಗದ ಮೈಗ್ರೇನ್ ರೋಗಿಗಳಿಗೆ 5ರಿಂದ 8 ವಾರಗಳಲ್ಲಿ ಹೆಚ್ಚೆಂದರೆ 10 ಸಲ ಎಂದು ಮಿತಿ ಹಾಕಿಕೊಂಡಿದೆ.

ಒಂದು ಸಂಗತಿ ಬಹು ವಿರಳವಾದದ್ದಾದರೂ ಹೇಳದೆ ಬಿಡುವಂತಿಲ್ಲ. ಎದೆ, ಭುಜದ ಮೇಲ್ಭಾಗ ಅಥವಾ ಮೇಲುಬೆನ್ನಿಗೆ ಚುಚ್ಚಿದ ಸೂಜಿ ಆಳಕ್ಕಿಳಿದು ಶ್ವಾಸಕೋಶದ ಹೊದಿಕೆಯನ್ನು ತಾಕಿದರೆ ಗಾಳಿ ಸೋರಿ ಶ್ವಾಸಕೋಶ ಕುಸಿಯಬಹುದು. ಇದರ ಲಕ್ಷಣಗಳು ಆ ಕ್ಷಣವೇ ಕಾಣಬೇಕೆಂದಿಲ್ಲ, ಮನೆಗೆ ಬಂದ ಎಷ್ಟೋ ಗಂಟೆಗಳ ಮೇಲೂ ತಲೆದೋರಬಹುದು. ಉಸಿರೆಳೆದಾಗ ಎದೆಯಲ್ಲಿ ಚಳಕು ಹೊಡೆದರೆ, ನಾಲ್ಕು ಹೆಜ್ಜೆಗೇ ಏದುಸಿರು ಬಂದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ, ಇಂದು ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡಿದ್ದೇನೆ ಎಂಬುದನ್ನು ಅಲ್ಲಿನ ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿ. ನಮಸ್ಕಾರ.