ಮಲಗಿದ ಕೋಶವನ್ನು ಎಬ್ಬಿಸುವ ಹೊಗೆ

ಎಲ್ಲರಿಗೂ ನಮಸ್ಕಾರ.

"ಅವರು ಬೀಡಿ ಸೇದಿದವರಲ್ಲ, ಎಲೆಅಡಿಕೆ ಹಾಕಿದವರಲ್ಲ. ಅವರಿಗ್ಯಾಕೆ ಕ್ಯಾನ್ಸರ್ ಬಂತು?" ಈ ಪ್ರಶ್ನೆಯನ್ನು ನೀವೂ ಕೇಳಿರುತ್ತೀರಿ, ಅಲ್ವಾ? ಒಬ್ಬ ರೋಗಿಯನ್ನು ತೋರಿಸಿ ಇವರಿಗೆ ಇದೇ ಕಾರಣ ಅಂತ ಹೇಳುವುದು ಬಹಳ ಕಷ್ಟ. ಆದರೆ ದಿನಾ ಮೈಗೆ ಸೇರುವ ರಾಸಾಯನಿಕಗಳು ಒಳಗೆ ಏನು ಮಾಡುತ್ತವೆ ಅನ್ನುವುದು ಈಗ ಸಾಕಷ್ಟು ಗೊತ್ತಾಗಿದೆ. ಇವತ್ತು ಹೆಚ್ಚಾಗಿ ಹೊಗೆಯ ಬಗ್ಗೆಯೇ ಮಾತಾಡುತ್ತೇನೆ.

1775ರಲ್ಲಿ ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವವರಿಗೆ ವೃಷಣಚೀಲದ ಕ್ಯಾನ್ಸರ್ ಬರುವುದು ಮಸಿಯಿಂದ ಎಂದು ಬರೆದರು. ಅವರೆಲ್ಲ ಚಿಕ್ಕ ಹುಡುಗರಾಗಿದ್ದಾಗಲೇ ಆ ಇಕ್ಕಟ್ಟಾದ ಚಿಮಣಿಗಳಿಗೆ ನುಗ್ಗಿದವರು. ಕಾಯಿಲೆ ಕಾಣಿಸಿದ್ದು ದೊಡ್ಡವರಾದ ಮೇಲೆ. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಟಾರು ಹಚ್ಚಿ ಕ್ಯಾನ್ಸರ್ ಬರುತ್ತದೆಂದು ತೋರಿಸಿದರು. 1930ರ ದಶಕದಲ್ಲಿ ಬೇರೆ ವಿಜ್ಞಾನಿಗಳು ಅಂಥದ್ದೇ ಟಾರಿನಿಂದ ಬೆಂಜೋಪೈರೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಸಿಗರೇಟು, ಸೌದೆ, ಡೀಸೆಲ್ ಎಲ್ಲದರ ಹೊಗೆಯಲ್ಲೂ ಇದು ಇರುತ್ತದೆ. ನಮ್ಮ ಮೈ ಇದನ್ನು ಹೊರಹಾಕಬೇಕೆಂದು ನೀರಲ್ಲಿ ಕರಗುವ ಹಾಗೆ ಬದಲಿಸುತ್ತದೆ. ಹಾಗೆ ಬದಲಾಗುವಾಗ ಹುಟ್ಟುವ ಒಂದು ರೂಪವೇ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ.

ಡಿಎನ್‌ಎ ಕೆಟ್ಟ ಕೂಡಲೇ ಕ್ಯಾನ್ಸರ್ ಬಂದುಬಿಡುವುದಿಲ್ಲ. ಇದನ್ನು 1940ರ ದಶಕದಲ್ಲಿ ಬೆರೆನ್‌ಬ್ಲಮ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಪರೀಕ್ಷಿಸಿದರು. ಕ್ಯಾನ್ಸರ್ ತರುವ ವಸ್ತುವನ್ನು ಚರ್ಮಕ್ಕೆ ಒಂದೇ ಸಲ, ಸ್ವಲ್ಪವೇ ಹಚ್ಚಿದರೆ ಗೆಡ್ಡೆ ಬರುವುದು ಅಪರೂಪ. ಚರ್ಮವನ್ನು ಕೆರಳಿಸುವ ಜಾಪಾಳದ ಎಣ್ಣೆಯನ್ನಷ್ಟೇ ಹಚ್ಚಿದರೂ ಅಪರೂಪ. ಮೊದಲು ಕ್ಯಾನ್ಸರ್ ತರುವ ವಸ್ತುವನ್ನು ಹಚ್ಚಿ, ಆಮೇಲೆ ಎಣ್ಣೆಯನ್ನು ಮತ್ತೆ ಮತ್ತೆ ಹಚ್ಚಿದರೆ ಗೆಡ್ಡೆಗಳು ಎದ್ದವು. ಕೆಡಿಸುವುದು ಒಂದು ಕೆಲಸ, ಕೆಟ್ಟದ್ದನ್ನು ಬೆಳೆಸುವುದು ಇನ್ನೊಂದು.

ನನ್ನನ್ನು ತುಂಬಾ ಕಾಡಿದ ಸಂಶೋಧನೆ 2023ರದ್ದು. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಚಾರ್ಲ್ಸ್ ಸ್ವಾಂಟನ್ ಮತ್ತು ಸಂಗಡಿಗರು 295 ಜನರ ಶ್ವಾಸಕೋಶದ ಆರೋಗ್ಯವಂತ ಭಾಗವನ್ನು ಪರೀಕ್ಷಿಸಿದರು. 18% ಮಾದರಿಗಳಲ್ಲಿ ಇಜಿಎಫ್ಆರ್ ಎಂಬ ಜೀನಿನಲ್ಲಿ ಕ್ಯಾನ್ಸರಿಗೆ ದಾರಿ ಮಾಡುವ ಬದಲಾವಣೆ ಆಗಲೇ ಇತ್ತು. ವಯಸ್ಸಾಗುತ್ತಾ ಇಂಥ ಕೋಶಗಳು ಮೈಯಲ್ಲಿ ಸೇರುತ್ತವೆ, ಸುಮ್ನೆ ಮಲಗಿರುತ್ತವೆ. ಗಾಳಿಯಲ್ಲಿರುವ ಪಿಎಂ 2.5 ಎಂಬ ಅತಿ ಸಣ್ಣ ಕಣಗಳು ಶ್ವಾಸಕೋಶಕ್ಕೆ ಇಳಿದಾಗ ರೋಗನಿರೋಧಕ ಕೋಶಗಳು ಉರಿಯೂತದ ಸಂಕೇತವೊಂದನ್ನು ಬಿಡುತ್ತವೆ. ಇಲಿಗಳಲ್ಲಿ ಮಲಗಿದ್ದ ಕೋಶವನ್ನು ಎಬ್ಬಿಸಿದ್ದು ಆ ಸಂಕೇತ. ಅದನ್ನು ತಡೆದಾಗ ಗೆಡ್ಡೆಗಳು ಕಡಿಮೆಯಾದವು. ಸಿಗರೇಟು ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಯಾಕೆ ಬರುತ್ತದೆ ಅನ್ನುವುದಕ್ಕೆ ಇದೊಂದು ಒಳ್ಳೆಯ ಉತ್ತರ.

ಹಾಗಾದರೆ ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿ "ಇಷ್ಟು ಪ್ರಮಾಣ ಪರವಾಗಿಲ್ಲ" ಅನ್ನುವುದು ಸಾಕೇ? 2015ರಲ್ಲಿ ಹ್ಯಾಲಿಫ್ಯಾಕ್ಸ್ ಯೋಜನೆ ಎಂಬ ಅಂತರರಾಷ್ಟ್ರೀಯ ತಂಡದ ವಿಜ್ಞಾನಿಗಳು 85 ರಾಸಾಯನಿಕಗಳನ್ನು ಗಮನಿಸಿ ಇದೇ ಪ್ರಶ್ನೆ ಎತ್ತಿದರು. ಅವುಗಳಲ್ಲಿ 50, ಕಡಿಮೆ ಪ್ರಮಾಣದಲ್ಲೂ ಕ್ಯಾನ್ಸರಿನ ಯಾವುದೋ ಒಂದು ಹಂತಕ್ಕೆ ನೆರವಾಗಬಲ್ಲವು. ಎಲ್ಲ ಸೇರಿ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಇದರಿಂದ ಸಾಬೀತಾಗಿಲ್ಲ. ಪ್ರಶ್ನೆ ಮಾತ್ರ ಸರಿಯಾದದ್ದೇ.

ಈಗ ನಮ್ಮ ಬಚ್ಚಲುಮನೆಗೆ ಬನ್ನಿ. ಹಂಡೆ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರ್ ತುರುಕುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಪಿವಿಸಿಯಂಥ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್‌ಗಳು ಹುಟ್ಟುತ್ತವೆ. ಅವುಗಳಲ್ಲಿ ಅತಿ ವಿಷಕಾರಿಯಾದುದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅದು ಡಿಎನ್‌ಎಯನ್ನು ನೇರವಾಗಿ ಕೆಡಿಸುವುದಿಲ್ಲ, ಕೆಟ್ಟದ್ದನ್ನು ಬೆಳೆಸುತ್ತದೆ. ಸೌದೆಯ ಹೊಗೆಯಲ್ಲಿ ಬೆಂಜೋಪೈರೀನ್, ಪಿವಿಸಿಯಂಥ ಪ್ಲಾಸ್ಟಿಕ್‌ನಲ್ಲಿ ಡಯಾಕ್ಸಿನ್. ಎರಡೂ ಕೆಲಸಕ್ಕೆ ಬೇಕಾದ್ದು ಒಂದೇ ಒಲೆಯಲ್ಲಿ!

ಸೊಳ್ಳೆ ಬತ್ತಿಯದೂ ಒಂದು ಲೆಕ್ಕ ಇದೆ. 2003ರಲ್ಲಿ ಅಳೆದು ನೋಡಿದಾಗ ಒಂದು ಬತ್ತಿ ಬಿಡುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟು. ಇದು ಕಣಗಳ ತೂಕದ ಲೆಕ್ಕ, ಕ್ಯಾನ್ಸರಿನದ್ದಲ್ಲ. ಆದರೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಗುವಿನ ಪಕ್ಕ ಅದನ್ನು ಹಚ್ಚಬೇಡಿ. ಸೊಳ್ಳೆಪರದೆ ಕಟ್ಟಿ.

"ಇಷ್ಟು ವರ್ಷ ಹೊಗೆ ಕುಡಿದಾಗಿದೆ, ಇನ್ನೇನು ಬಿಡು" ಅನ್ನುವ ಅಜ್ಜಿಯರಿಗೆ ಇಲಿಗಳ ಇನ್ನೊಂದು ವಿಷಯ ಹೇಳಿ. ಬೆಳೆಸುವ ವಸ್ತುವನ್ನು ಹಚ್ಚುವ ನಡುವಿನ ಅಂತರ ಹೆಚ್ಚಿಸಿದಾಗ ಗೆಡ್ಡೆಗಳು ಕಡಿಮೆಯಾದವು. ಬೆಳೆಸುವ ಹಂತದಲ್ಲಿ ನಿಲ್ಲಿಸಿದರೂ ಪ್ರಯೋಜನ ಇದೆ. ಒಲೆ ಹೊತ್ತಿಸಲು ತೆಂಗಿನ ಗರಿ ಇದೆ, ಕರಟ ಇದೆ. ಕವರನ್ನು ಕಸದ ಗಾಡಿಗೆ ಕೊಡಿ.