ಬಾಲ್ಕನಿ ಗೊಬ್ಬರ ಮತ್ತು ಒಣ ಎಲೆಯ ಲೆಕ್ಕ

ಸೋರೆಕಾಯಿ ಸಿಪ್ಪೆ, ಸೊಪ್ಪಿನ ದಂಟು, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಇವೆಲ್ಲ ನನ್ನ ಬಾಲ್ಕನಿಯ ಗೊಬ್ಬರದ ಮಡಕೆಗೆ ಬೀಳುತ್ತಿರುವುದು ಈ ವಿಡಿಯೊದಲ್ಲಿ ನಿಮಗೇ ಕಾಣುತ್ತಿರುವುದರಿಂದ ಅದನ್ನು ನಾನು ಬಿಡಿಸಿ ಹೇಳುವುದಿಲ್ಲ. ಇಂದು ಹೇಳಬೇಕಾದದ್ದು ಹಸಿ ಕಸದ ಮೇಲೆ ಮುಚ್ಚುವ ಒಣ ಪದಾರ್ಥದ ಬಗ್ಗೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಗೊಬ್ಬರ ಮಾಡಲು ಹೊರಟವರು ಕೈಚೆಲ್ಲುವುದು ಹೆಚ್ಚಾಗಿ ಅಲ್ಲಿಯೇ.

ತರಕಾರಿ ಸಿಪ್ಪೆಯಲ್ಲಿ ನೀರು ಮತ್ತು ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಸಾರಜನಕದ ಒಂದು ಪಾಲಿಗೆ ಇಂಗಾಲ 30 ಪಾಲಿನ ಆಸುಪಾಸಿನಲ್ಲಿದ್ದರೆ ಸೂಕ್ಷ್ಮಜೀವಿಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಒಣ ಪದಾರ್ಥ ಕಡಿಮೆಯಾದರೆ ಮಡಕೆಯ ತಳದಲ್ಲಿ ನೀರು ನಿಂತು, ಗಾಳಿಯಾಡದೆ ಕೊಳೆತು, ಪಕ್ಕದ ಮನೆಯವರು ಬಾಗಿಲು ಬಡಿಯುವಷ್ಟು ನಾತ ಹುಟ್ಟುತ್ತದೆ. ಹಸಿ ಕಸವನ್ನು ಗಾಡಿಗೆ ಕೊಟ್ಟರೆ ಸಾಲದೇ ಎಂದು ನೀವು ಕೇಳಬಹುದು. ಕೊಡಬಹುದು, 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ವಿಂಗಡಣೆಯನ್ನು (ಹಸಿ ಕಸಕ್ಕೊಂದು, ನೈರ್ಮಲ್ಯ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೆ ಚೀಲ) ಕಡ್ಡಾಯ ಮಾಡಿದ್ದೂ ಅದಕ್ಕಾಗಿಯೇ. ಆದರೆ ಅದಕ್ಕೂ ಮುಂಚೆ, 2014ರವರೆಗೆ, ಈ ನಗರದ ಕಸವನ್ನು ಹೊತ್ತ ಹೊರವಲಯದ ಮಂಡೂರು ಹಳ್ಳಿಯ ಜನ ಪಟ್ಟ ಪಾಡನ್ನು ನೆನೆದರೆ, ಮನೆಯಲ್ಲೇ ಕರಗಬಲ್ಲದ್ದನ್ನು ಲಾರಿಗೆ ಹತ್ತಿಸಲು ನನಗೆ ಮನಸ್ಸಾಗುವುದಿಲ್ಲ.

ಇನ್ನು ಬೆಲೆಯ ವಿಷಯ. ಹಸಿ ಕಸದ ಮೇಲೆ ಮುಚ್ಚಲೆಂದೇ ಮಾರುವ ಈ ಸಿದ್ಧ ಪುಡಿಯ ಚೀಲವನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಇದರ ಮೇಲೆ ಹಸಿರು ಎಲೆಯ ಚಿತ್ರವಿದೆ, ಭೂಮಿಯನ್ನು ಉಳಿಸುವ ಮಾತಿದೆ, ಒಳಗೆ ಇರುವುದು ತೆಂಗಿನ ನಾರಿನ ಪುಡಿ ಮತ್ತು ಕಸ ಬೇಗ ಕರಗಲೆಂದು ಬೆರೆಸುವ ಸೂಕ್ಷ್ಮಜೀವಿಗಳ ಒಂದು ಚಿಟಿಕೆ ಬಿಳಿ ಪುಡಿ. ಆನ್‌ಲೈನಿನಲ್ಲಿ ಇದಕ್ಕೆ ನಾನು ಕೊಟ್ಟದ್ದು 450 ರೂಪಾಯಿ. ನಮ್ಮ ಬೀದಿಯ ಕೊನೆಯ ನರ್ಸರಿಯಲ್ಲಿ, ನೀರು ಹಾಕಿದರೆ ಒಂದು ದೊಡ್ಡ ಟಬ್ಬು ತುಂಬುವಷ್ಟು ಉಬ್ಬುವ, ಅದೇ ನಾರಿನ ಪುಡಿಯನ್ನು ಒತ್ತಿ ಮಾಡಿದ ಐದು ಕಿಲೋ ಇಟ್ಟಿಗೆಗೆ ಅದರ ಅರ್ಧದಷ್ಟೂ ಆಗಲಿಲ್ಲ. ಸಾಲದ್ದಕ್ಕೆ ಆ ಚೀಲ ಬಂದದ್ದು ಪ್ಲಾಸ್ಟಿಕ್ ಲಕೋಟೆಯೊಳಗಿನ ಪ್ಲಾಸ್ಟಿಕ್ ಚೀಲದಲ್ಲಿ, ಗಾಜಿನ ಸಾಮಾನೋ ಎಂಬಂತೆ ಗುಳ್ಳೆಗುಳ್ಳೆಯ ಹಾಳೆ ಸುತ್ತಿಕೊಂಡು. ಕಸ ಕಡಿಮೆ ಮಾಡಿಕೊಳ್ಳಿ ಎಂದು ಮಾರುವ ವಸ್ತು ಮೊದಲ ದಿನವೇ ನನ್ನ ಒಣ ಕಸದ ಚೀಲವನ್ನು ಅರ್ಧ ತುಂಬಿಸಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆ ಬಿಳಿ ಪುಡಿಯ ಅಗತ್ಯವೂ ಇಲ್ಲ. ಒಂದು ಲೋಟ ಹುಳಿ ಮಜ್ಜಿಗೆ ಅಥವಾ ಹಳೆಯ ಗೊಬ್ಬರದ ಒಂದು ಹಿಡಿ ಸಾಕು.

ಇದಕ್ಕಿಂತ ಉರಿಯುವ ಸಂಗತಿ ಇನ್ನೊಂದಿದೆ, ಅದು ನಿಜವಾಗಿಯೂ ಉರಿಯುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ಹೊಂಗೆ ಮರಗಳು ಎಲೆ ಉದುರಿಸುವಾಗ ಬೀದಿ ತುಂಬ ಪುಕ್ಕಟೆ ಇಂಗಾಲ ಬಿದ್ದಿರುತ್ತದೆ; ಅದನ್ನು ಗುಡ್ಡೆ ಹಾಕಿ ಯಾರೋ ಬೆಂಕಿ ಕೊಡುತ್ತಾರೆ, ಆ ಹೊಗೆ ಕುಡಿದುಕೊಂಡು ನಾವು ಮೊಬೈಲಿನಲ್ಲಿ ನಾರಿನ ಪುಡಿ ತರಿಸುತ್ತೇವೆ. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಹೂಡಿದ ಕಸದ ಮೊಕದ್ದಮೆ ಸುಪ್ರೀಂ ಕೋರ್ಟಿನಿಂದ ಪರಿಸರದ ಮೊಕದ್ದಮೆಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ, 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟವರಿಗೆ 25,000 ರೂಪಾಯಿ ದಂಡವೆಂದು ಆದೇಶವಾಯಿತು. ನಮ್ಮ ಬೀದಿಯಲ್ಲಿ ಆ ದಂಡ ಕಟ್ಟಿದವರನ್ನು ನಾನಂತೂ ಕಂಡಿಲ್ಲ.

ಆದ್ದರಿಂದ ನಾನು ಬೆಳಿಗ್ಗೆ ಬೀದಿ ಗುಡಿಸುವ ಅಕ್ಕನನ್ನೇ ಕೇಳಿದೆ. “ಎಲೆ ತಾನೇ, ತಗೊಂಡು ಹೋಗಮ್ಮ, ನನಗೂ ಎಳೆಯೋ ಭಾರ ಕಮ್ಮಿ ಆಗುತ್ತೆ. ಗುಟ್ಕಾ ಚೀಟಿ ಮಾತ್ರ ನೀನೇ ಆರಿಸ್ಕೋಬೇಕು,” ಎಂದರು. ಈ ಗೋಣಿಚೀಲದಲ್ಲಿರುವುದು ಅದೇ ಎಲೆ. ಕೈಯಲ್ಲಿ ಹಿಸುಕಿದರೆ ಹಪ್ಪಳದಂತೆ ಪುಡಿಯಾಗಬೇಕು, ಮೆತ್ತಗಿದ್ದರೆ ಇನ್ನೊಂದು ಬಿಸಿಲು ಬೇಕೆಂದು ಅರ್ಥ.

ಹಾಗೆಂದು ನಾರಿನ ಪುಡಿಯನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ಬಾಲ್ಕನಿಯ ಎಲೆಯೆಲ್ಲ ತೇವ ಹಿಡಿದಾಗ, ತೂಕದ ಹಲವು ಪಟ್ಟು ನೀರನ್ನು ಹೀರಬಲ್ಲ ಆ ಪುಡಿಗೆ ಸಾಟಿಯಿಲ್ಲ. ಅದು ತಾನೇ ಕರಗುವುದು ಬಹಳ ನಿಧಾನ, ಅದರಿಂದ ಗೊಬ್ಬರದಲ್ಲಿ ಕಂದು ನೂಲು ಉಳಿಯುತ್ತದೆ, ಆದರೂ ಮಳೆಗಾಲಕ್ಕೆ ಒಂದು ಇಟ್ಟಿಗೆ ಮನೆಯಲ್ಲಿರಲಿ ಎಂಬುದು ನನ್ನ ಈಗಿನ ಅಭಿಪ್ರಾಯ. ನರ್ಸರಿಯಿಂದ ತನ್ನಿ, ಸಾಕು.

ಇಲ್ಲಿ ಮಡಕೆಯೊಳಗೆ ಅಲುಗಾಡುತ್ತಿರುವುದನ್ನು ನೋಡಿ ಹಲವರು ವಿಡಿಯೊ ಮುಚ್ಚಿಬಿಡುತ್ತೀರಿ ಎಂದು ಗೊತ್ತು. ಇವು ಕಪ್ಪು ಸೈನಿಕ ನೊಣದ ಮರಿಹುಳುಗಳು; ಚಪ್ಪಟೆ ಮೈ, ಮಣ್ಣಿನ ಬಣ್ಣ, ಬೆಳಕು ಬಿದ್ದೊಡನೆ ಸಿಪ್ಪೆಯಡಿಗೆ ನುಗ್ಗುತ್ತವೆ. ಬೆಳೆದ ನೊಣ ಕಚ್ಚುವುದಿಲ್ಲ, ಊಟದ ತಟ್ಟೆಯ ಮೇಲೆ ಕೂರುವ ಮನೆನೊಣದ ಹಾಗೆ ಕಾಟ ಕೊಡುವುದೂ ಇಲ್ಲ. ನಮ್ಮತ್ತೆಯವರು ಮಾತ್ರ ಇವತ್ತಿಗೂ ಈ ಮುಚ್ಚಳ ತೆಗೆಯುವುದಿಲ್ಲ, ಅವರನ್ನು ನಾನು ಬಲವಂತ ಮಾಡುವುದೂ ಇಲ್ಲ. ಹುಳು ಬೇಡವೆನ್ನುವವರು ಎಲೆಯ ಪದರವನ್ನು ದಪ್ಪ ಮಾಡಿದರೆ ಅವು ತಾವಾಗಿ ಕಡಿಮೆಯಾಗುತ್ತವೆ.

ಗೊಬ್ಬರ ಜರಡಿ ಹಿಡಿಯುವುದನ್ನು ವೇಗವಾಗಿ ಓಡಿಸಿದ್ದೇನೆ. ಜರಡಿಯ ಮೇಲೆ ಉಳಿದ ಮಾವಿನ ಓಟೆ, ತೆಂಗಿನ ಚಿಪ್ಪು ಮತ್ತೆ ಮಡಕೆಗೆ ಹೋಗುವುದಿಲ್ಲ, ಅವು ಈ ಜನ್ಮದಲ್ಲಿ ಕರಗುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡಿರುವಂತೆ ಬಿಡಬೇಕೆಂಬುದನ್ನೂ ತೋರಿಸಬೇಕೆಂದಿದ್ದೆ, ಏಕೆಂದರೆ ಆ ಚೂರು ಕಳೆದುಹೋಗಿ ಕೊನೆಗೆ ಸಿಗುವುದು ಇದೇ ಗೊಬ್ಬರದಲ್ಲಿ. ಆದರೆ ಬೀದಿಯಲ್ಲಿ ಕಸದ ಗಾಡಿಯ ಹಾಡು ಕೇಳಿಸುತ್ತಿದೆ, ಇಂದು ಒಣ ಕಸದ ದಿನ, ಆ ಗುಳ್ಳೆಯ ಹಾಳೆಯನ್ನು ಕೆಳಗೆ ಕೊಟ್ಟು ಬರಬೇಕು.