ಗಂಟಿಲ್ಲ, ಆದರೆ ಚುಕ್ಕಿ ಉಂಟು

ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಅಮ್ಮಂದಿರೇ, ಅಕ್ಕಂದಿರೇ, ಹಿಂದಿನ ಸಾಲಿನ ನರ್ಸಿಂಗ್ ವಿದ್ಯಾರ್ಥಿಗಳೇ,

ಮ್ಯಾಮೊಗ್ರಾಂ ಎಂಬ ಸ್ತನದ ಎಕ್ಸ್‌ರೇ ಏನು, ಯಾವಾಗ ಮಾಡಿಸಬೇಕು ಎಂಬುದನ್ನೆಲ್ಲ ಬೆಳಿಗ್ಗೆಯ ಗೋಷ್ಠಿಯಲ್ಲಿ ಕೇಳಿದ್ದೀರಿ. ನಾನು ಒಂದೇ ವಿಷಯಕ್ಕೆ ಬರುತ್ತೇನೆ. ವರದಿಯಲ್ಲಿ ‘ಮೈಕ್ರೋಕ್ಯಾಲ್ಸಿಫಿಕೇಶನ್, ಬಯಾಪ್ಸಿ ಬೇಕು’ ಎಂದು ಬರೆದಿರುತ್ತದೆ; ಅಂದರೆ ಸ್ತನದೊಳಗೆ ಸುಣ್ಣದ ಸಣ್ಣ ಚುಕ್ಕಿಗಳಿವೆ, ತುಂಡು ತೆಗೆದು ಪರೀಕ್ಷಿಸಬೇಕು. ಕೈಗೆ ಗಂಟು ಸಿಗುವುದಿಲ್ಲ, ನೋವೂ ಇಲ್ಲ. ಮನೆಯಲ್ಲಿ ಯಾರೋ ಹೇಳುತ್ತಾರೆ, ‘ಮೊದಲು ಒಂದು ಸ್ಕ್ಯಾನಿಂಗ್ ಮಾಡಿಸುವ.’ ಸ್ಕ್ಯಾನಿಂಗ್, ಅಂದರೆ ಅಲ್ಟ್ರಾಸೌಂಡ್, ನಾರ್ಮಲ್ ಬರುತ್ತದೆ. ಫೈಲು ಕಪಾಟು ಸೇರುತ್ತದೆ. ಆ ಫೈಲನ್ನು ಕಪಾಟಿನಿಂದ ಹೊರಗೆ ತೆಗೆಸಲಿಕ್ಕಾಗಿಯೇ ನಾನಿವತ್ತು ಇಲ್ಲಿ ನಿಂತಿದ್ದೇನೆ.

ಈ ಚುಕ್ಕಿಗಳ ಗಾತ್ರ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಚಿರೋಟಿ ರವೆಯ ಕಾಳು ನೆನಪು ಮಾಡಿಕೊಳ್ಳಿ. ಎಕ್ಸ್‌ರೇಗೆ ಸುಣ್ಣದಂಶ ಬೆಳ್ಳಗೆ ಎದ್ದು ಕಾಣುತ್ತದೆ. ಅಲ್ಟ್ರಾಸೌಂಡ್ ಚಿತ್ರವಾದರೋ ಸ್ವಭಾವತಃ ಮರಳು ಮರಳು. ಅದರಲ್ಲಿ ರವೆ ಕಾಳು ಹುಡುಕುವುದು ಪಣಂಬೂರು ಕಡಲತೀರದಲ್ಲಿ ಬಿದ್ದ ಸಾಸಿವೆ ಹುಡುಕಿದ ಹಾಗೆ. ಚುಕ್ಕಿಗಳ ಜೊತೆಗೆ ಗಡ್ಡೆಯೂ ಇದ್ದರೆ ಕೆಲವೊಮ್ಮೆ ಕಂಡೀತು. ಬರೀ ಚುಕ್ಕಿಗಳಿದ್ದರೆ, ಸ್ಕ್ಯಾನಿಂಗ್ ನಾರ್ಮಲ್ ಎಂಬುದು ಮ್ಯಾಮೊಗ್ರಾಂ ಕೇಳಿದ ಪ್ರಶ್ನೆಗೆ ಉತ್ತರವೇ ಅಲ್ಲ. ಎಂಆರ್‌ಐಗೂ ಈ ಸುಣ್ಣ ಕಾಣುವುದಿಲ್ಲ.

ಕ್ಯಾಲ್ಸಿಯಂ ಮಾತ್ರೆ ತಿಂದು ಹೀಗಾಯಿತೇ ಎಂದು ಕೇಳುತ್ತಾರೆ. ಅಲ್ಲ. ಮರುವಾಯಿ ಚಿಪ್ಪುಮೀನು ತಿಂದದ್ದಕ್ಕೂ, ಎಲೆಗೆ ಹಚ್ಚಿದ ಸುಣ್ಣಕ್ಕೂ ಸಂಬಂಧವಿಲ್ಲ. ವೈದ್ಯರು ಮೂಳೆಗೆಂದು ಕೊಟ್ಟ ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಇದು ಅಂಗಾಂಶದ ಒಳಗೇ ಕೂಡುವ ಸುಣ್ಣ. ಹಾಲಿನ ನಾಳದೊಳಗೆ ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ಬೆಳೆದಾಗ ನಡುವಿನವು ಆಹಾರ ಸಿಗದೆ ಸಾಯುತ್ತವೆ. ಸತ್ತ ಜಾಗದಲ್ಲಿ ಸುಣ್ಣ ಕೂಡುತ್ತದೆ. ರೋಗ ಇನ್ನೂ ನಾಳದ ಗೋಡೆ ದಾಟಿಲ್ಲ, ಗಂಟೂ ಆಗಿಲ್ಲ. ಅಷ್ಟರಲ್ಲೇ ಅದು ಬಿಟ್ಟುಕೊಡುವ ಸುಳಿವು ಈ ಚುಕ್ಕಿ.

ಇದನ್ನು ಮೊದಲು ಕಂಡವರ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1913ರಲ್ಲಿ ಬರ್ಲಿನ್‌ನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸುಮಾರು 3,000 ಸ್ತನಗಳ ಎಕ್ಸ್‌ರೇ ತೆಗೆದರು. ಗಡ್ಡೆಯ ನಡುವೆ ಸಣ್ಣ ಚುಕ್ಕಿಗಳು ಕಂಡವು. ಕಂಡದ್ದನ್ನು ಬರೆದಿಟ್ಟರು, ಅದರ ಬೆಲೆ ಮಾತ್ರ ಆಗ ಯಾರಿಗೂ ಗೊತ್ತಾಗಲಿಲ್ಲ. ಅವರು ಯಹೂದಿ. ನಾಜಿಗಳ ಕಾಲದಲ್ಲಿ ಸೆರೆ ಶಿಬಿರ ಕಂಡರು, ಹಾಲೆಂಡಿಗೆ ಹೋದರು, ಅಲ್ಲಿಯೂ ಸೆರೆಯಾಗಿ ತಪ್ಪಿಸಿಕೊಂಡು ಬದುಕಿದರು. ಚಿತ್ರಕಲಾವಿದೆಯಾಗಿದ್ದ ಒಬ್ಬಳೇ ಮಗಳು ಶಾರ್ಲೊಟ್ 1943ರಲ್ಲಿ ಆಶ್ವಿಟ್ಜ್ ನಾಜಿ ಶಿಬಿರದಲ್ಲಿ ಹತಳಾದಳು. ಆ ಚುಕ್ಕಿಗಳಿಗೆ ಅರ್ಥ ಬರಲು 1950ರ ಆಸುಪಾಸಿನವರೆಗೆ, ಉರುಗ್ವೆಯ ಎಕ್ಸ್‌ರೇ ತಜ್ಞ ರಾವುಲ್ ಲೆಬೋರ್ನ್ ತನಕ, ಕಾಯಬೇಕಾಯಿತು. ಸ್ತನವನ್ನು ಒತ್ತಿ ಚಪ್ಪಟೆ ಮಾಡಿ ತೆಗೆದರೆ ಚುಕ್ಕಿ ಸ್ಪಷ್ಟವಾಗುತ್ತದೆ ಎಂದು ತೋರಿಸಿದವರೂ ಅವರೇ. ಮ್ಯಾಮೊಗ್ರಾಂ ಕೋಣೆಯಲ್ಲಿ ‘ಇಷ್ಟು ಯಾಕೆ ಒತ್ತುತ್ತೀರಿ’ ಎಂದು ಅಕ್ಕಂದಿರು ಕೇಳುವುದು ಸಹಜ. ಒತ್ತದಿದ್ದರೆ ರವೆ ಕಾಳು ಮಸುಕಾಗಿ ಕರಗಿಹೋಗುತ್ತದೆ, ಅದಕ್ಕೆ.

ಹಾಗೆಂದು ಎಲ್ಲ ಚುಕ್ಕಿಯೂ ಕ್ಯಾನ್ಸರ್ ಅಲ್ಲ ಮಾರಾಯ್ರೆ, ಹೆಚ್ಚಿನವು ಅಲ್ಲ. ಅರಳಿನ ಹಾಗೆ ದಪ್ಪಗಿದ್ದರೆ ಹಳೆಯ ಫೈಬ್ರೊಅಡಿನೋಮ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ. ರೈಲು ಹಳಿಯಂತೆ ಎರಡು ಗೆರೆ ಜೋಡಿಯಾಗಿ ಹೋಗಿದ್ದರೆ ಅದು ರಕ್ತನಾಳದ ಗೋಡೆ. ಅಕ್ಕಿ ತೊಳೆದ ನೀರಿನ ಗಸಿ ಪಾತ್ರೆಯ ತಳಕ್ಕೆ ಇಳಿಯುವುದಿಲ್ಲವೇ, ಹಾಗೆ ಸಣ್ಣ ನೀರುಗುಳ್ಳೆಯಲ್ಲಿ ಸುಣ್ಣ ತಂಗುವುದೂ ಉಂಟು: ಮೇಲಿನಿಂದ ತೆಗೆದ ಚಿತ್ರದಲ್ಲಿ ಮಸುಕು ಚುಕ್ಕಿ, ಪಕ್ಕದಿಂದ ತೆಗೆದದ್ದರಲ್ಲಿ ಅರ್ಧಚಂದ್ರ. ಇವಕ್ಕೆ ಸೂಜಿ ಬೇಡ. ಸಂಶಯ ಹುಟ್ಟಿಸುವುದು ಒಡೆದ ಗಾಜಿನ ಚೂರಿನಂತೆ ಒಂದೊಂದು ಒಂದೊಂದು ಆಕಾರದವು. ಎಲ್ಲಕ್ಕಿಂತ ಹೆಚ್ಚಾಗಿ, ನಾಳದ ಅಚ್ಚು ತೆಗೆದಂತೆ ಸಣ್ಣ ಗೆರೆಯಾಗಿ ಕವಲೊಡೆದವು. ಅಂಥವುಗಳಲ್ಲಿ 100ಕ್ಕೆ ಸುಮಾರು 70 ಕ್ಯಾನ್ಸರ್. ಎಣಿಕೆಗಿಂತ ಆಕಾರ ಮುಖ್ಯ. ಒಂದೇ ನಾಳದ ಹಾದಿ ಹಿಡಿದಿವೆಯೇ ಎಂಬುದೂ ಮುಖ್ಯ.

ನಮ್ಮ ಊರಿನ ಸೆಕೆಗೆ ಸೇರಿದ ಒಂದು ಮಾತು. ಕಂಕುಳಿಗೆ, ಸ್ತನದ ಕೆಳಗೆ ಪೌಡರ್ ಹಾಕಿಕೊಂಡು ಬಂದರೆ ಚರ್ಮದ ಮಡಿಕೆಯಲ್ಲಿ ನಿಂತ ಪುಡಿಯೂ ಚುಕ್ಕಿಯಾಗಿ ಕಾಣುತ್ತದೆ. ಜಿಂಕ್ ಇರುವ ಮುಲಾಮು, ಡಿಯೋಡರೆಂಟ್‌ಗಳೂ ಹಾಗೆಯೇ. ಆ ದಿನ ಸ್ನಾನ ಮಾಡಿ, ಏನೂ ಹಚ್ಚದೆ ಬನ್ನಿ.

ಸಂಶಯ ಉಳಿದರೆ ದೊಡ್ಡದಾಗಿ ಕಾಣುವ ಚಿತ್ರ ತೆಗೆಯುತ್ತಾರೆ. ಸ್ತನವನ್ನು ಪ್ಲೇಟಿನಿಂದ ಎತ್ತರಕ್ಕಿಟ್ಟು, ಎಕ್ಸ್‌ರೇ ಹೊರಡುವ ಬಿಂದುವನ್ನು 0.1 ಮಿ.ಮೀ.ಗೆ ಕಿರಿದು ಮಾಡಿ, ಮೇಲಿನಿಂದ ಒಂದು, ನೇರ ಪಕ್ಕದಿಂದ ಒಂದು. ಇದಕ್ಕೆ ಹೆಚ್ಚು ಹೊತ್ತು ಬೇಕು, ಆದ್ದರಿಂದ ಉಸಿರು ಬಿಗಿ ಹಿಡಿಯಿರಿ. ಅಲುಗಾಡಿದರೆ ಕವಲು ಗೆರೆಯೂ ಮಸುಕು ಮೋಡವಾಗುತ್ತದೆ.

ಮುಂದಿನದು ಸ್ಟೀರಿಯೊಟ್ಯಾಕ್ಟಿಕ್ ಬಯಾಪ್ಸಿ. ಎಡಕ್ಕೆ 15, ಬಲಕ್ಕೆ 15 ಡಿಗ್ರಿ ವಾಲಿಸಿ ಎರಡು ಚಿತ್ರ ತೆಗೆದರೆ, ಯಂತ್ರ ಚುಕ್ಕಿಯ ಆಳ ಲೆಕ್ಕ ಹಾಕುತ್ತದೆ. ಮರಗಟ್ಟಿಸಿ, ಕೆಲವೇ ಮಿಲಿಮೀಟರ್ ಚರ್ಮ ಕೊಯ್ದು, ನಿರ್ವಾತದಲ್ಲಿ ಎಳೆಯುವ 9 ಅಥವಾ 11 ಗೇಜ್ ದಪ್ಪದ ಸೂಜಿಯಿಂದ ಅಂಗಾಂಶದ ಹಲವು ಎಳೆ ತೆಗೆಯುತ್ತಾರೆ. ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ. ಒತ್ತಿದಾಗ ಸ್ತನ ತೀರಾ ತೆಳುವಾದರೆ ಸೂಜಿಗೆ ಜಾಗ ಸಾಲುವುದಿಲ್ಲ. ಆಗ ಚುಕ್ಕಿಯ ಜಾಗಕ್ಕೆ ತಂತಿ ಚುಚ್ಚಿ ಗುರುತು ಹಾಕಿ ಶಸ್ತ್ರಚಿಕಿತ್ಸೆ. ಆ ಯಂತ್ರ ಇಲ್ಲದ ಕಡೆಯೂ ದಾರಿ ಅದೇ.

ಇಲ್ಲಿ ಒಂದು ಹೆಜ್ಜೆ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ತೆಗೆದ ಎಳೆಗಳನ್ನು ಕೂಡಲೇ ಎಕ್ಸ್‌ರೇ ಹಿಡಿದು, ಚುಕ್ಕಿ ಅದರಲ್ಲಿ ಬಂದಿದೆಯೇ ಎಂದು ನೋಡಬೇಕು. ಬಾರದಿದ್ದರೆ ಸೂಜಿ ಬೇರೆ ಜಾಗಕ್ಕೆ ಹೋಗಿದೆ, ‘ಕ್ಯಾನ್ಸರ್ ಇಲ್ಲ’ ಎಂಬ ವರದಿಗೆ ಬೆಲೆಯಿಲ್ಲ. ಎಕ್ಸ್‌ರೇಯಲ್ಲಿ ಬಂದದ್ದು ಸೂಕ್ಷ್ಮದರ್ಶಕದಲ್ಲಿ ಕಾಣದಿದ್ದರೆ ಪೆಥಾಲಜಿಯವರು ಇನ್ನೂ ಆಳದ ಪದರ ಕೊಯ್ದು ನೋಡುತ್ತಾರೆ. ಆಕ್ಸಲೇಟ್ ಎಂಬ ರೂಪದ ಸುಣ್ಣ ಅವರು ಹಾಕುವ ಬಣ್ಣ ಹಿಡಿಯುವುದಿಲ್ಲ, ಅದಕ್ಕೆ ಧ್ರುವೀಕೃತ ಬೆಳಕು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು, ಬೇಕು. ನೀವು ಕೇಳಬೇಕಾದ್ದು ಇಷ್ಟೇ: ‘ಡಾಕ್ಟ್ರೇ, ಚುಕ್ಕಿ ತುಂಡಿನಲ್ಲಿ ಬಂದಿದೆಯಾ?’

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ವರದಿಯಲ್ಲಿ ಸಂಶಯದ ಮಟ್ಟ ಹೇಳುವ ಬೈ-ರಾಡ್ಸ್ ಅಂಕಿ ಬೇಗ ಹೇಳಿಬಿಡುತ್ತೇನೆ: 2 ಎಂದರೆ ನಿರುಪದ್ರವಿ, 3 ಎಂದರೆ ಅಪಾಯ ಶೇ. 2ಕ್ಕಿಂತ ಹೆಚ್ಚಿಲ್ಲ, ಆರು ತಿಂಗಳಿಗೆ ಮತ್ತೆ ಚಿತ್ರ. 4, 5 ಬಂದರೆ ಬಯಾಪ್ಸಿ, ಸ್ಕ್ಯಾನಿಂಗ್ ನಾರ್ಮಲ್ ಇದ್ದರೂ ಸರಿ. ಚಿಕಿತ್ಸೆಯ ಭಾಗವನ್ನು ಮುಂದಿನ ಭಾಷಣಕಾರರಿಗೆ ಬಿಡುತ್ತೇನೆ.

ಹಳೆಯ ಫಿಲ್ಮ್ ಬಿಸಾಡಬೇಡಿ. ಹೊಸ ಚುಕ್ಕಿಯೋ ಹಳತೋ ಎಂದು ಹೇಳಲು ಅದೇ ಬೇಕು. ಆದರೆ ಕವಲು ಗೆರೆ ಹಳೆಯದರಲ್ಲೂ ಇತ್ತು ಎಂದು ಬಯಾಪ್ಸಿ ಬಿಡುವಂತಿಲ್ಲ. ನಮ್ಮ ಮಳೆಗಾಲದಲ್ಲಿ ಫಿಲ್ಮುಗಳು ಒಂದಕ್ಕೊಂದು ಅಂಟುತ್ತವೆ, ಬೂಷ್ಟು ಹಿಡಿಯುತ್ತವೆ. ನಡುವೆ ಒಣ ಕಾಗದ ಇಟ್ಟು, ನೆಲಕ್ಕೆ ತಾಗದ ಹಾಗೆ ನೇರ ನಿಲ್ಲಿಸಿಡಿ. ಸಿಡಿ ಕೊಟ್ಟಿದ್ದರೆ ಪೆನ್‌ಡ್ರೈವ್‌ಗೂ ಹಾಕಿಸಿಕೊಳ್ಳಿ. ಚೀಟಿಯಲ್ಲಿ ಬಂದ ಪ್ರಶ್ನೆಗಳನ್ನು ಈಗ ಓದುತ್ತೇನೆ.